ಎದುರಂಗಡಿಯ ಕೈಗವಸು

ನಮ್ಮ ಮನೆಯಲ್ಲಿ ಯಾರು ಯಾವಾಗ ಏನು ತಿನ್ನಬೇಕೆಂಬುದನ್ನು ಹಸಿವು ನಿರ್ಧರಿಸುತ್ತಿರಲಿಲ್ಲ, ಎಕ್ಸ್‌ಪೈರಿ ಡೇಟು ನಿರ್ಧರಿಸುತ್ತಿತ್ತು. ಕೆಳಗೆ ಅಪ್ಪನ ಔಷಧಿ ಅಂಗಡಿ, ಮೇಲೆ ಮನೆ. ಮಾರಾಟವಾಗದೆ ತಾರೀಖು ಹತ್ತಿರ ಬಂದ ವಿಟಮಿನ್ ಡಬ್ಬಿಗಳೆಲ್ಲ ಮೆಟ್ಟಿಲು ಹತ್ತಿ ಊಟದ ಮೇಜಿಗೆ ಬರುತ್ತಿದ್ದವು. ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪುಗಳನ್ನು ಅಪ್ಪ ಕಂಪನಿಗೆ ಕಳಿಸಿಬಿಡುತ್ತಿದ್ದ. ಶಕ್ತಿ ಕೊಡುವಂಥವನ್ನು ಮಾತ್ರ ಕೈಬಿಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಹಾಗಾಗಿ ಈ ತಿಂಗಳು ಮನೆಮಂದಿಯೆಲ್ಲ ಕ್ಯಾಲ್ಸಿಯಂ ನುಂಗಿದರೆ ಮುಂದಿನ ತಿಂಗಳು ಕಬ್ಬಿಣ, ಅದರ ಮುಂದಿನ ತಿಂಗಳು ಮೀನೆಣ್ಣೆ. ಬಸುರಿಯರಿಗೆಂದೇ ತಯಾರಾದ ಒಂದು ಡಬ್ಬಿಯನ್ನು ಅಜ್ಜಿಗೆ ತಿನ್ನಿಸಿ, "ಇದರಲ್ಲಿ ಇರೋದೆಲ್ಲ ಒಳ್ಳೇದೇ" ಎಂದಿದ್ದ. ಅಜ್ಜಿ ಆ ಡಬ್ಬಿ ಮುಗಿಯುವ ತನಕ ಆಗಾಗ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಇದರಲ್ಲಿ ನಿಜವಾಗಿ ನೊಂದವಳು ಅಮ್ಮ. ಅವಳು ಬೆವರಿಳಿಸಿ ಅಡುಗೆ ಮಾಡಿದರೆ ಅಪ್ಪ ನಾಲ್ಕು ತುತ್ತು ತಿಂದು ತಟ್ಟೆ ಸರಿಸಿ, ಅಂಗೈ ಮೇಲೆ ಗುಳಿಗೆ ಸುರಿದುಕೊಂಡು, "ಮಿಕ್ಕಿದ್ದೆಲ್ಲ ಇದರಲ್ಲಿದೆ" ಎನ್ನುತ್ತಿದ್ದ.

"ಹಾಗಾದ್ರೆ ನನ್ನ ಒಲೆಗೂ ಒಂದು ಗುಳಿಗೆ ಕೊಟ್ಟುಬಿಡಿ. ಅದೂ ತಣ್ಣಗೆ ಮಲಗಲಿ" ಎಂದು ಅಮ್ಮ ಪಾತ್ರೆ ಕುಕ್ಕುತ್ತಿದ್ದಳು.

ಬೀದಿಯ ಆ ಬದಿಗೆ ತರಕಾರಿ ಅಂಗಡಿ. ಅದರ ಯಜಮಾನರನ್ನು ಅಪ್ಪ 'ತಕ್ಕಡಿ' ಎನ್ನುತ್ತಿದ್ದ, ಅವರು ಅಪ್ಪನನ್ನು 'ಗುಳಿಗೆ' ಎನ್ನುತ್ತಿದ್ದರು. ಇಬ್ಬರ ನಿಜವಾದ ಹೆಸರು ಅವರವರ ಹೆಂಡಂದಿರಿಗಾದರೂ ನೆನಪಿತ್ತೋ ಇಲ್ಲವೋ. ತಕ್ಕಡಿ ಮಾವ ಒಂದು ದಿನ ಬಾಗಿಲಿಗೆ ಹಲಗೆ ತೂಗುಹಾಕಿದರು: 'ಇಲ್ಲಿ ಕೊಂಡವರು ಎದುರಂಗಡಿಗೆ ಹೋಗಬೇಕಾಗಿಲ್ಲ.' ಮರುದಿನವೇ ಅಪ್ಪನ ಹಲಗೆ ಮೇಲೇರಿತು: 'ಇಲ್ಲಿ ಒಂದು ಗುಳಿಗೆ, ಅಲ್ಲಿ ಒಂದು ಬುಟ್ಟಿ. ಹೊರಲು ಯಾವುದು ಸುಲಭ?' ನಮ್ಮ ಅಂಗಡಿಯೊಳಗೆ ಇನ್ನೊಂದು ಹಳೆಯ ಹಲಗೆಯೂ ಇತ್ತು. 'ಒಮ್ಮೆ ಕೊಟ್ಟದ್ದನ್ನು ವಾಪಸು ಪಡೆಯುವುದಿಲ್ಲ.' ಶಾಲೆಗೆ ಹೋಗುವಾಗ ನಾನೇ ಬಣ್ಣದಲ್ಲಿ ಬರೆದುಕೊಟ್ಟದ್ದು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಅಂಚಿನಲ್ಲಿ ನೇತಾಡುತ್ತಿತ್ತು. ಯಾರಾದರೂ ಬಿರಡೆ ಬಿಚ್ಚಿದ ಬಾಟಲಿ ವಾಪಸು ತಂದರೆ ಅಪ್ಪ ಮಾತೇ ಆಡದೆ ಅದರತ್ತ ಬೆರಳು ತೋರಿಸುತ್ತಿದ್ದ.

ಇಂಥ ಎರಡು ಅಂಗಡಿಗಳ ನಡುವಿನ ಬೀದಿ ದಾಟಿ ಟೊಮೆಟೊ ತರಲು ಹೋಗುತ್ತಿದ್ದ ನಾನು, ತಕ್ಕಡಿ ಮಾವನ ಮಗನ ಮೇಲೆ ಮನಸ್ಸಿಟ್ಟು ಬಂದೆ. ಬೆಳಗಿನ ಜಾವವೇ ಸಗಟು ಮಾರುಕಟ್ಟೆಗೆ ಹೋಗಿ ಬರುವ ಅವನು ಮಧ್ಯಾಹ್ನ ಚೀಲಗಳಿಗೆ ಒರಗಿ ತೂಕಡಿಸುತ್ತಿದ್ದ. ಆ ಅರೆನಿದ್ದೆಯಲ್ಲೂ ಅವನು ಹಾಕುವ ತೂಕ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಇವನನ್ನು ನಂಬಬಹುದು ಅನ್ನಿಸಿತು.

ಅಪ್ಪನಿಗೆ ಹೇಳಿದಾಗ ಅವನು ಕುಳಿತ ಸ್ಟೂಲಿನಿಂದ ಎದ್ದೇಬಿಟ್ಟ. "ಆ ಸೊಪ್ಪಿನ ಹುಡುಗನಾ? ಜೀವನ ಪೂರ್ತಿ ಬಾಡಿದ ಬದನೆಕಾಯಿ ತಿಂದ್ಕೊಂಡು ಇರ್ತೀಯ. ಅವರ ಮನೇಲಿ ಮಾರದೆ ಉಳಿದಿದ್ದನ್ನೇ ತಿನ್ನೋದು, ಗೊತ್ತಾ?"

"ನಮ್ಮ ಮನೇಲಿ?" ಎಂದೆ.

ಅಪ್ಪ ಬಟ್ಟೆ ಎತ್ತಿಕೊಂಡು ಡಬ್ಬಿಗಳ ಧೂಳು ಒರೆಸತೊಡಗಿದ. ಎರಡು ವರ್ಷ ಆ ವಿಷಯ ಎತ್ತಿದಾಗಲೆಲ್ಲ ಇದೇ ಆಯಿತು. ಅವನನ್ನು ಧಿಕ್ಕರಿಸಿ ಮದುವೆಯಾಗುವುದು ನನಗೂ ಬೇಡವಾಗಿತ್ತು. ಎಷ್ಟೇ ತಲೆ ತಿಂದರೂ ನನಗೆ ಅಪ್ಪನೆಂದರೆ ಪ್ರಾಣ.

ಒಂದು ಮಾತು ಒಪ್ಪಲೇಬೇಕು, ಅವನು ತನ್ನ ಕೆಲಸದಲ್ಲಿ ಎತ್ತಿದ ಕೈ. ಒಮ್ಮೆ ಒಬ್ಬಳು ಎಳೆಯ ತಾಯಿ ಮಗುವನ್ನು ಅವಚಿಕೊಂಡು ಅಳುತ್ತಾ ಅಂಗಡಿಗೆ ಬಂದಳು. ಮಗುವಿನ ಮೂಗು, ಅಂಗೈ, ಅಂಗಾಲು ಎಲ್ಲ ಹಳದಿ. ಅಪ್ಪ ಮಗುವಿನ ಕಣ್ಣರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿ, "ಕಣ್ಣು ಬೆಳ್ಳಗಿದೆಯಮ್ಮ. ಕಾಮಾಲೆ ಆಗಿದ್ರೆ ಮೊದಲು ಕಣ್ಣಲ್ಲಿ ಕಾಣೋದು. ಕ್ಯಾರೆಟ್ ಎಷ್ಟು ತಿನ್ನಿಸ್ತಾ ಇದ್ದೀಯ?" ಎಂದ. ಮೂರು ಹೊತ್ತೂ ಅದೇ ಎಂದಳು ಅವಳು. "ಸ್ವಲ್ಪ ಬಿಡುವು ಕೊಡು, ಬಣ್ಣ ತಾನಾಗೇ ಇಳಿಯುತ್ತೆ. ಸಮಾಧಾನಕ್ಕೆ ಡಾಕ್ಟರಿಗೂ ಒಂದ್ಸಲ ತೋರಿಸು." ಡಾಕ್ಟರೂ ಅದನ್ನೇ ಹೇಳಿದರಂತೆ. ಅಪ್ಪ ವಾರವಿಡೀ ಹಿಗ್ಗಿ ಹೀರೇಕಾಯಿಯಾಗಿದ್ದ.

ಈ ವರ್ಷ ಎಲ್ಲ ಕಡೆ ಕ್ಯಾರೆಟ್ ವಿಪರೀತ ಬೆಳೆದು ಎದುರಂಗಡಿಯಲ್ಲಿ ಅದರ ಗುಡ್ಡವೇ ಬಿತ್ತು. ತಕ್ಕಡಿ ಮಾವ ಬೆಳಿಗ್ಗೆ ಸಂಜೆ ಬಾಗಿಲಲ್ಲಿ ನಿಂತು, ನಮಗೆ ಕಾಣುವ ಹಾಗೆ ದೊಡ್ಡ ಲೋಟ ಎತ್ತಿ ಕ್ಯಾರೆಟ್ ರಸವನ್ನು ಗಟಗಟ ಕುಡಿಯತೊಡಗಿದರು. ಅಪ್ಪನ ಬಳಿ ಕ್ಯಾರೆಟ್ಟಿನ ಸತ್ವವೇ ತುಂಬಿದ, ಕಣ್ಣಿಗೆ ಒಳ್ಳೆಯದೆಂಬ ಕಿತ್ತಳೆ ಬಣ್ಣದ ಕ್ಯಾಪ್ಸೂಲುಗಳು ಒಂದು ರಟ್ಟಿನ ಪೆಟ್ಟಿಗೆ ತುಂಬ ಉಳಿದಿದ್ದವು. ಅವನು ಬಿಡುತ್ತಾನೆಯೇ? ತಾನೂ ಬಾಗಿಲಿಗೆ ಬಂದು ಕ್ಯಾಪ್ಸೂಲನ್ನು ಮೇಲಕ್ಕೆಸೆದು ಬಾಯಲ್ಲಿ ಹಿಡಿದು ತೋರಿಸಿದ. ಅವರು ಒಂದು ಲೋಟ ಎತ್ತಿದರೆ ಇವನು ಒಂದು ಕ್ಯಾಪ್ಸೂಲು, ಅವರು ಮತ್ತೊಂದು ಎತ್ತಿದರೆ ಇವನು ಮತ್ತೊಂದು. ಗಿರಾಕಿಗಳು ನಡುಬೀದಿಯಲ್ಲಿ ನಿಂತು ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು. ಮನೆಯ ಹೆಂಗಸರು ನಾವು ಮೂವರೂ ಆ ಕ್ಯಾಪ್ಸೂಲು ಮುಟ್ಟುವುದಿಲ್ಲವೆಂದು ಮುಷ್ಕರ ಹೂಡಿದ್ದರಿಂದ ಇಡೀ ಪೆಟ್ಟಿಗೆ ಅವನೊಬ್ಬನ ಪಾಲಾಯಿತು.

ಕೆಲವು ವಾರಗಳಾದ ಮೇಲೆ ಅಪ್ಪ ಬಿಳಿ ಕೈಗವಸು ಹಾಕಿಕೊಂಡು ಅಂಗಡಿಯಲ್ಲಿ ಕೂತ. ಕೇಳಿದರೆ ಶುಚಿತ್ವ ಎಂದ. ಮನೆಯೊಳಗೂ ಕಾಲುಚೀಲ ಬಿಚ್ಚುತ್ತಿರಲಿಲ್ಲ. ಅದೇ ವಾರ ಎದುರಂಗಡಿಯ ತಕ್ಕಡಿ ಮಾವನೂ ಉಣ್ಣೆಯ ಕೈಗವಸು ತೊಟ್ಟು ಆಲೂಗಡ್ಡೆ ತೂಗುತ್ತಿದ್ದರು.

"ನೋಡಿದ್ಯಾ, ನನ್ನ ನೋಡಿ ತಕ್ಕಡೀನೂ ಹಾಕ್ಕೊಂಡ. ಸ್ವಂತ ಬುದ್ಧಿ ಅನ್ನೋದೇ ಇಲ್ಲ" ಎಂದ ಅಪ್ಪ. ಗುಳಿಗೆ ತನ್ನನ್ನು ನಕಲು ಮಾಡುತ್ತಿದ್ದಾನೆಂದು ಆ ಕಡೆಯೂ ಗೊಣಗಾಟ ನಡೆದಿದೆಯೆಂದು ಸೊಪ್ಪಿನ ಹುಡುಗ ನನಗೆ ಹೇಳಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತದ್ದು ಒಂದು ಸಂಜೆ. ಅಪ್ಪ ನನ್ನನ್ನು ಅಂಗಡಿಯ ಹಿಂದಿನ ಸ್ಟಾಕ್ ಕೋಣೆಗೆ ಕರೆದ. ರಟ್ಟಿನ ಪೆಟ್ಟಿಗೆಗಳ ಕಡೆ ಮುಖ ಮಾಡಿಕೊಂಡೇ, "ಭಾನುವಾರ ಆ ಹುಡುಗನ ಮನೆಯವರನ್ನ ಊಟಕ್ಕೆ ಬರೋಕೆ ಹೇಳು. ಮದುವೆ ಬೇಗ ಮುಗಿಸೋಣ" ಎಂದ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಜೊತೆಗೇ ಎಲ್ಲೋ ಚುಚ್ಚಿತು. "ಏನಪ್ಪ ಇದ್ದಕ್ಕಿದ್ದ ಹಾಗೆ?"

"ಮನುಷ್ಯ ಎಷ್ಟು ದಿನ ಇರ್ತಾನೆ ಹೇಳು" ಎಂದು ಪೆಟ್ಟಿಗೆಯೊಂದನ್ನು ಸುಮ್ಮನೆ ಎತ್ತಿ ಅಲ್ಲೇ ಇಟ್ಟ. ವಯಸ್ಸಾಯಿತು, ವೇದಾಂತ ಬಂತು ಅಂದುಕೊಂಡು ನಾನು ಬೀದಿ ದಾಟಿ ಓಡಿದೆ.

ಭಾನುವಾರ ಅಮ್ಮ ತನ್ನ ಹಳೆಯ ಸೇಡನ್ನೆಲ್ಲ ಒಲೆಯ ಮೇಲೆ ತೀರಿಸಿಕೊಂಡಳು. ಬೇಳೆ, ಹುರಿದ ಬೀನ್ಸು, ಮೊಟ್ಟೆ, ಸೊಪ್ಪು, ಮೊಸರು, ಹೆಚ್ಚಿದ ಹಣ್ಣು, ಬಿಸಿ ಅನ್ನ ಎಲ್ಲ ಮೇಜಿನ ಮೇಲೆ ಬಂದವು. ಗುಳಿಗೆ ಡಬ್ಬಿಗಳನ್ನು ಅಜ್ಜಿಯ ಮಂಚದ ಕೆಳಗೆ ದೂಡಿದ್ದಳು. ತಕ್ಕಡಿ ಮಾವ, ಅವರ ಹೆಂಡತಿ, ಮಗ ಬಂದು ಕೂತರು. ಇಬ್ಬರು ಅಪ್ಪಂದಿರೂ ಕೈಗವಸಿನಲ್ಲೇ ಕೈ ಕುಲುಕಿದರು. ಕೋಣೆಯಲ್ಲಿ ಸೆಕೆ, ಇಬ್ಬರ ಹಣೆಯಲ್ಲೂ ಬೆವರು.

"ಏನ್ರೀ ಇದು, ಊಟಕ್ಕೆ ಕೂತವರು? ಬಿಚ್ಚಿ ಕೈ ತೊಳ್ಕೊಂಡು ಬನ್ನಿ" ಎಂದು ತಕ್ಕಡಿ ಮಾವನ ಹೆಂಡತಿ, ನನ್ನ ಭಾವೀ ಅತ್ತೆ, ಗದರಿದರು. ನನ್ನ ಮದುವೆಗೆ ತಕ್ಕಡಿ ಮಾವನನ್ನು ಒಪ್ಪಿಸಿದ್ದು ಇದೇ ಗಂಟಲು.

"ನನಗೆ ಅಷ್ಟು ಹಸಿವಿಲ್ಲ" ಎಂದ ಅಪ್ಪ.

"ನನಗೂ ಇಲ್ಲ" ಎಂದರು ತಕ್ಕಡಿ ಮಾವ. ಆ ಬೀದಿಯಲ್ಲಿ ಅವರಿಬ್ಬರು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಅಮ್ಮನ ಮುಖ ನೋಡಿ ಇಬ್ಬರೂ ಎದ್ದರು.

ಪಡಸಾಲೆಯ ಕೊನೆಯಲ್ಲಿರುವ ಬೇಸಿನ್ನಿನ ಕಡೆಯಿಂದ ಮಾತು ಕೇಳುತ್ತಿತ್ತು. "ನೀವು ಮೊದಲು." "ಛೆ ಛೆ, ಮನೆಯವರು ನೀವು." "ಬಂದವರು ಮೊದಲು ತೊಳ್ಕೊಳ್ಳಬೇಕು." ನಾನು ಟವೆಲ್ ಹಿಡಿದು ಹೋದೆ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ನಿಂತು ಕದ್ದು ಕದ್ದು ಕೈಗವಸು ಬಿಚ್ಚಿದ್ದರು. ಆದರೆ ಪಕ್ಕದ ಗೋಡೆಯ ಕನ್ನಡಿ ನಾಲ್ಕೂ ಅಂಗೈಗಳನ್ನು ತೋರಿಸುತ್ತಿತ್ತು. ನಾಲ್ಕೂ ಹಳದಿ.

"ನಿಮಗೂನಾ?" ಎಂದ ಅಪ್ಪ. ಅಷ್ಟು ಮೆತ್ತಗಿನ ದನಿಯಲ್ಲಿ ಅವನು ಅವರನ್ನು ಎಂದೂ ಮಾತಾಡಿಸಿರಲಿಲ್ಲ.

"ಲಿವರ್ರು ಅನ್ಸುತ್ತೆ. ತರಕಾರಿ ತಿನ್ನಿ, ಕಾಯಿಲೇನೇ ಬರಲ್ಲ ಅಂತ ಊರಿಗೆಲ್ಲ ಸಾರಿದವನು ನಾನು. ಯಾವ ಮುಖ ಇಟ್ಕೊಂಡು ಡಾಕ್ಟರ ಹತ್ರ ಹೋಗ್ಲಿ?"

"ನನ್ನ ಪಾಡೂ ಅದೇ. ಮನೇಲಿ ಯಾರಿಗೂ ಹೇಳಿಲ್ಲ. ಶಕ್ತಿ ಬರ್ಲಿ ಅಂತ ಕ್ಯಾಪ್ಸೂಲು ಇನ್ನೂ ಜಾಸ್ತಿ ಮಾಡಿದೀನಿ. ಕಣ್ಣು ಮುಚ್ಚೋದರೊಳಗೆ ಮಗಳ ಮದುವೆ ನೋಡಿಬಿಡೋಣ ಅಂತ ಒಪ್ಕೊಂಡೆ. ಇಲ್ಲದಿದ್ರೆ ನಿಮ್ಮ ಮನೆಗೆ ಕಳಿಸ್ತಿದ್ನಾ?"

"ನನ್ನ ಹೆಂಡ್ತಿ ಬಿಟ್ಟಿದ್ರೆ ನಾನೂ ಬರ್ತಿರಲಿಲ್ಲ ಬಿಡಿ" ಎಂದು ತಕ್ಕಡಿ ಮಾವ ಅಪ್ಪನ ಭುಜ ತಟ್ಟಿದರು.

ಅಪ್ಪ ಸಾಯುತ್ತಾನೆ ಅಂದುಕೊಂಡೆ. ಮರುಕ್ಷಣವೇ ಆ ಕ್ಯಾರೆಟ್ ರಸದ ಲೋಟಗಳು, ಆ ಕ್ಯಾಪ್ಸೂಲುಗಳು, ಅಳುತ್ತಾ ಬಂದಿದ್ದ ತಾಯಿಯ ಮಗು, ಎಲ್ಲ ಒಟ್ಟಿಗೆ ನೆನಪಾಗಿ ವಿಷಯ ಹೊಳೆಯಿತು. ಬಾಯಿಯವರೆಗೆ ಬಂದ ನಗು ಅಲ್ಲೇ ನಿಂತಿತು. ಹೇಳಿದರೆ ಅಪ್ಪನ ಭಯ ಹೋಗುತ್ತದೆ. ಆ ಭಯದ ಬೆನ್ನಿಗೇ ಒಪ್ಪಿಗೆಯೂ ಹೋಗಬಹುದು. ಮದುವೆ ಮುಗಿಯುವ ತನಕ ಸುಮ್ಮನಿದ್ದುಬಿಟ್ಟರೆ? ಹಾಗೂ ಒಂದು ಗಳಿಗೆ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅಪ್ಪ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಆ ಹೋಗದ ಹಳದಿಯನ್ನು ಉಜ್ಜತೊಡಗಿದ. ಶಾಯಿ ಚೆಲ್ಲಿಕೊಂಡ ಮಕ್ಕಳು ಮನೆಯವರಿಗೆ ಹೆದರಿ ಉಜ್ಜುವ ಹಾಗೆ ಉಜ್ಜುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಅಪ್ಪ, ಇಲ್ಲಿ ತಿರುಗು" ಎಂದು ಅವನ ಗಲ್ಲ ಹಿಡಿದು ಕಣ್ಣರೆಪ್ಪೆ ಎಳೆದೆ. ತಕ್ಕಡಿ ಮಾವನದ್ದನ್ನೂ ಎಳೆದೆ. ನಾಲ್ಕೂ ಕಣ್ಣು ಒಗೆದ ಬಟ್ಟೆಯಷ್ಟು ಬಿಳುಪು.

"ಕನ್ನಡೀಲಿ ಕಣ್ಣು ನೋಡ್ಕೊಂಡಿಲ್ವಾ ನೀನು?"

"ಹೆದರಿಕೆ ಆಯ್ತು ಕಣೆ. ಗಲ್ಲ ಒಂದೇ ನೋಡ್ಕೊಂಡು ಶೇವ್ ಮಾಡ್ತಿದ್ದೆ."

"ಆ ಮಗು ಎತ್ತಿಕೊಂಡು ಬಂದಿದ್ಳಲ್ಲ, ಅವಳಿಗೆ ಏನು ಹೇಳಿದ್ದೆ?"

ಅಪ್ಪನ ಬಾಯಿ ಮೆಲ್ಲಗೆ ತೆರೆದುಕೊಂಡಿತು. "ಕ್ಯಾರೆಟ್..." ಎಂದ.

ಮರುದಿನ ಡಾಕ್ಟರು ಇಬ್ಬರ ರಕ್ತ ಪರೀಕ್ಷಿಸಿ ಅದನ್ನೇ ಹೇಳಿ ನಕ್ಕರು, ಅದಿರಲಿ. ಆ ಮಧ್ಯಾಹ್ನ ಇಬ್ಬರೂ ಸಾವಿನಿಂದ ಎದ್ದು ಬಂದವರಂತೆ ಮೇಜಿಗೆ ಬಂದರು. ಬಂದವರೇ ಹಳೆಯ ಜಗಳ ಶುರುಮಾಡಿದರು.

"ನಿಮ್ಮ ಕ್ಯಾರೆಟ್ಟಿನ ಪ್ರತಾಪ ನೋಡಿದ್ರಾ?"

"ನಿಮ್ಮ ಕ್ಯಾಪ್ಸೂಲಿನದ್ದೇನು ಕಮ್ಮಿಯಾ?"

ಅಮ್ಮ ಸೌಟನ್ನು ಮೇಜಿಗೆ ಕುಟ್ಟಿದಳು. "ತರಕಾರೀದೂ ತಪ್ಪಿಲ್ಲ, ಗುಳಿಗೇದೂ ತಪ್ಪಿಲ್ಲ. ಮಾರದೆ ಉಳಿದಿದ್ದನ್ನೆಲ್ಲ ತುಂಬೋಕೆ ಹೊಟ್ಟೆ ಏನು ಗೋಡೌನಾ? ಗುಳಿಗೆ ಬೇಕಾದ್ರೆ ಡಾಕ್ಟರು ಹೇಳ್ತಾರೆ. ಮಿಕ್ಕಿದ್ದು ನಾನು ಬಡಿಸ್ತೀನಿ, ಎಲ್ಲಾ ಸ್ವಲ್ಪ ಸ್ವಲ್ಪ ತಿನ್ನಿ."

ಇಬ್ಬರೂ ತಲೆ ತಗ್ಗಿಸಿ ತಿಂದರು. ಸೊಪ್ಪಿನ ಹುಡುಗ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಅವನಿಗೇನು ಗೊತ್ತು, ನಾನಿನ್ನೂ ಅಪ್ಪನ ಒಪ್ಪಿಗೆಯ ಗತಿ ಏನಾಯಿತೆಂದೇ ಯೋಚಿಸುತ್ತಿದ್ದೆ. ಕೇಳದೆ ಇರುವುದಕ್ಕಿಂತ ಕೇಳಿ ಏಟು ತಿನ್ನುವುದು ಮೇಲೆನಿಸಿತು.

"ಅಪ್ಪ, ನೀನು ಸಾಯ್ತಾ ಇಲ್ಲ."

"ಹ್ಞೂಂ, ಗೊತ್ತಾಯ್ತಲ್ಲ."

"ಸಾಯ್ತೀನಿ ಅಂತ ತಾನೇ ಒಪ್ಕೊಂಡಿದ್ದು? ಈಗೇನು, ವಾಪಸ್ ತಗೋತೀಯಾ?"

ಅಪ್ಪ ಹುಡುಗನನ್ನು ನೋಡಿದ, ತಕ್ಕಡಿ ಮಾವನ ಹಳದಿ ಕೈ ನೋಡಿದ, ತನ್ನದನ್ನೂ ನೋಡಿಕೊಂಡ. "ನಮ್ಮ ಅಂಗಡೀಲಿ ಒಂದು ಹಲಗೆ ಇದೆ. ಓದಿಲ್ವಾ ನೀನು?" ಎಂದ.

"ಓದೋದೇನು, ಬರೆದವಳೇ ನಾನು. ಆದ್ರೆ ಒಮ್ಮೆ ಕೊಟ್ಟದ್ದು ಅನ್ನೋಕೆ ನಾನೇನು ಸಿರಪ್ ಬಾಟಲಿನಾ?"

"ನಿನ್ನನ್ನಲ್ಲ ಕಣೆ ಪೆದ್ದಿ" ಎಂದ ಅಪ್ಪ. "ಮಾತನ್ನ."

ಆಮೇಲೆ ಖಾಲಿಯಾದ ತಟ್ಟೆಯನ್ನು ಅಮ್ಮನ ಮುಂದೆ ಹಿಡಿದು, ಇನ್ನೊಂದು ಸೌಟು ಬೇಳೆ ಹಾಕು ಎಂದ.