ಹಾರದ ವಿಮಾನದ ಬಣ್ಣ

"ಕೈ ಇಡ್ಬೇಡ ಕಣೋ, ಇನ್ನೂ ಅಂಟುತ್ತೆ" ಎಂದು ವಿಜಯ್ ಕುಮಾರ್ ಹೇಳುವಷ್ಟರಲ್ಲಿ ಸಿದ್ದು ರೆಕ್ಕೆಯ ಅಂಚನ್ನು ಕಿರುಬೆರಳಿನಿಂದ ಮುಟ್ಟಿಯಾಗಿತ್ತು. ಬಣ್ಣ ಒಣಗಿತ್ತು. ಸಿದ್ದು ಬೆರಳನ್ನು ಸೋದರಮಾವನ ಮೂಗಿನ ಮುಂದೆ ಹಿಡಿದ.

"ನೋಡು, ಏನೂ ಇಲ್ಲ. ಸುಮ್‌ಸುಮ್ನೆ ಹೆದರ್ತೀಯ ನೀನು."

ಅಮೃತಹಳ್ಳಿಯ ಆ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಒಂಟಿ ರೂಮಿನಲ್ಲಿ ಇಬ್ಬರೂ ಬೆಳಗಿನಿಂದ ಕೂತಿದ್ದರು. ನಡುವಿನ ಎರಡು ಮಹಡಿ ಬಾಡಿಗೆಯವರದು. ಕೆಳಗೆ ರಸ್ತೆಗೆ ಮುಖ ಮಾಡಿದ ವಿಜಯನ ಜೆರಾಕ್ಸ್ ಅಂಗಡಿಗೆ ಭಾನುವಾರ ರಜ. ಮೇಜಿನ ಮೇಲೆ ಹಾಸಿದ ಹಳೇ ಪೇಪರಿನ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಜೆಟ್ ವಿಮಾನ ನಿಂತಿತ್ತು. ಬಾಲವಿಲ್ಲ, ರೆಕ್ಕೆ ಹಿಂದಕ್ಕೆ ಬಾಗಿ ತುದಿಯಲ್ಲಿ ಕೆಳಕ್ಕೆ ಮಡಿಚಿಕೊಂಡಿದೆ. ಎರಡನೇ ಮಹಾಯುದ್ಧದ ಕೊನೆಯ ವರ್ಷ ಯಾರೋ ಜರ್ಮನ್ ಎಂಜಿನಿಯರ್ ಕಾಗದದ ಮೇಲೆ ಬರೆದ ವಿಮಾನ. ಅದು ಕಾಗದದ ಮೇಲೇ ಉಳಿಯಿತು. ಈಗ ಒಂದು ಕಂಪನಿ ಅದನ್ನು ಬಿಡಿಭಾಗ ಜೋಡಿಸಿ ಕಟ್ಟುವ ಕಿಟ್ ಮಾಡಿ, ಡಬ್ಬಿಯ ಮೇಲೆ ಅದು ಮೋಡ ಸೀಳಿಕೊಂಡು ಹೋಗುತ್ತಿರುವ ಚಿತ್ರ ಹಾಕಿ ಮಾರುತ್ತಿದೆ.

ಗೋಡೆಯ ಶೆಲ್ಫಿನಲ್ಲಿ ಇಂಥವೇ ಸಾಲಾಗಿ ನಿಂತಿದ್ದವು. ಒಂದೂ ಹಾರಿದ್ದಲ್ಲ. ಕೆಲವು ಮರದ ಅಚ್ಚಿನವರೆಗೆ ಬಂದು ನಿಂತವು, ಕೆಲವು ದುಡ್ಡಿಲ್ಲದೆ ನಿಂತವು, ಕೆಲವಕ್ಕೆ ಹೆಸರು ಕೂಡ ಇಟ್ಟಿರಲಿಲ್ಲ. "ಹಾರದೇ ಇರೋದನ್ನೇ ಯಾಕ್ ಮಾವ ಕಟ್ತೀಯ?" ಎಂದು ಸಿದ್ದು ಹತ್ತು ವರ್ಷದವನಿದ್ದಾಗಿನಿಂದ ಕೇಳುತ್ತ ಬಂದಿದ್ದ. ವಿಜಯನ ಉತ್ತರವೂ ಬದಲಾಗಿರಲಿಲ್ಲ: "ಒಂದೂ ಬಿದ್ದಿಲ್ವಲ್ಲ, ಅದಕ್ಕೆ."

ನಿಜವಾದ ಕಾರಣ ಬೇರೆ. ವಿಜಯನಿಗೆ ಬಣ್ಣ ಗೊತ್ತಾಗುತ್ತಿರಲಿಲ್ಲ. ಹಸಿರು, ಕಂದು, ಕೆಲವು ಕೆಂಪು ಅವನಿಗೆ ಒಂದೇ ಕೆಸರು. ಮೊದಮೊದಲು ಹಾರಿದ ವಿಮಾನಗಳನ್ನೇ ಕಟ್ಟುತ್ತಿದ್ದ. ಒಮ್ಮೆ ಮಾಡೆಲ್ ಮಾಡುವವರೆಲ್ಲ ಸೇರಿದ್ದ ಕಡೆ ತನ್ನದೊಂದನ್ನು ಒಯ್ದಿದ್ದ. ಅಲ್ಲಿ ಸುನೀಲ್ ಎಂಬ ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿ, "ಗುರು, ಈ ಪ್ಲೇನ್ ಹಸಿರಲ್ವಾ? ನೀವು ಚಾಕೊಲೇಟ್ ಮಾಡಿಟ್ಟಿದ್ದೀರಲ್ಲ" ಎಂದು ನಕ್ಕ. ಅಲ್ಲಿಂದ ಮುಂದೆ ವಿಜಯ ಹಾರದ ವಿಮಾನಗಳನ್ನು ಮಾತ್ರ ತರಿಸಿದ. ಹಾರದ ವಿಮಾನದ ಫೋಟೋ ಯಾರ ಬಳಿಯೂ ಇರುವುದಿಲ್ಲ. ಇದು ತಪ್ಪು ಬಣ್ಣ ಎಂದು ಯಾವನೂ ಹೇಳಲಾರ. ಹಾಗಿದ್ದರೂ ಅವನು ಬಣ್ಣವನ್ನು ಕಲಸುತ್ತಿರಲಿಲ್ಲ. ಸೀಸೆಯ ಮುಚ್ಚಳದ ಮೇಲಿನ ನಂಬರು ನೋಡಿ ತೆಗೆಯುವುದು, ಬಳಿಯುವುದು, ಅಷ್ಟೇ.

ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವನು ಏರ್‌ಫೋರ್ಸಿನ ಪೈಲಟ್ ಆಯ್ಕೆಯಲ್ಲಿ ಎಲ್ಲವನ್ನೂ ದಾಟಿ ಮೆಡಿಕಲ್‌ನಲ್ಲಿ ಬಿದ್ದಿದ್ದ. ಮನೆಗೆ ಬಂದು ಕಣ್ಣಿನ ವಿಷಯ ಹೇಳಿದಾಗ ಅಪ್ಪ ಮುನಿವೆಂಕಟಯ್ಯ ಮೊದಲು ಬಾಗಿಲು ಹಾಕಿ ಬಂದ. "ಕಣ್ಣು ಅನ್ನೋ ಮಾತು ಈ ಒಸ್ಲು ದಾಟ್ಬಾರ್ದು. ಜ್ಯೋತಿಗೆ ಗಂಡು ನೋಡ್ತಾ ಇವ್ನಿ. ಮನೇಲಿ ಕಣ್ ದೋಸ ಐತೆ ಅಂದ್ರೆ ಯಾವನ್ ಬತ್ತಾನೆ? ಎತ್ರ ಸಾಲ್ಲಿಲ್ಲ ಅಂತ ಏಳು." ವಿಜಯ ಸ್ವಲ್ಪ ಕುಳ್ಳ. ಎಲ್ಲರೂ ನಂಬಿದರು. ತಂಗಿ ಜ್ಯೋತಿಲಕ್ಷ್ಮಿಯೂ ನಂಬಿದಳು. ಮದುವೆಯಾಗಿ ಸೋಲದೇವನಹಳ್ಳಿಗೆ ಹೋದಳು, ಮಗ ಹುಟ್ಟಿದ, ಆ ಮಗ ಮಾವನ ರೂಮಿನಲ್ಲಿ ಕೂತು ಕೂತು ತಾನೂ ಪೈಲಟ್ ಆಗುತ್ತೇನೆ ಎಂದ. ಜ್ಯೋತಿ ಅವತ್ತೇ ನಡುಮನೆಯ ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಕಿಸಿದಳು. ದಿನಾ ಬೆಳಿಗ್ಗೆ ಸಿದ್ದು ಅದಕ್ಕೆ ಜೋತು ಬೀಳಬೇಕು. ಕೈ ಬೊಬ್ಬೆ ಬಂದರೂ ಬಿಡುತ್ತಿರಲಿಲ್ಲ. "ನಿಮ್ಮಾವನ್ ತರ ಎರಡ್ ಇಂಚಿಗೆ ವಾಪಸ್ ಬರ್ಬಾರ್ದು" ಎನ್ನುತ್ತಿದ್ದಳು. ಮೊಟ್ಟೆ, ಹಾಲು, ಈಜು ಎಲ್ಲ ಆಯಿತು. ಸಿದ್ದು ಈಗ ಆರಡಿಗೆ ಬೆರಳಷ್ಟು ಕಮ್ಮಿ. ಲಿಖಿತ ಪರೀಕ್ಷೆ ಪಾಸಾಗಿತ್ತು, ಐದು ದಿನದ ಇಂಟರ್‌ವ್ಯೂ ಪಾಸಾಗಿತ್ತು. ಉಳಿದದ್ದು ಮೆಡಿಕಲ್ ಮಾತ್ರ. ಗುರುವಾರ.

"ಗ್ರೇ ಹೆಂಗ್ ಬಂತು ನೋಡು ಮಾವ" ಎಂದು ಸಿದ್ದು ವಿಮಾನವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಬೇಕಾದ ನಂಬರಿನ ಬೂದು ಬಣ್ಣ ಖಾಲಿಯಾಗಿತ್ತು. ತರಿಸಿದರೆ ಬರುವಷ್ಟರಲ್ಲಿ ಅವನ ಮೆಡಿಕಲ್ ಮುಗಿದಿರುತ್ತದೆ ಎಂದು ಸಿದ್ದುವೇ ಕಲಸಿದ್ದ. ಬಿಳಿಗೆ ಕಪ್ಪು ಸೇರಿಸಿದ್ದು ತೀರಾ ಸತ್ತ ಬಣ್ಣ ಅನ್ನಿಸಿ, ಮುಚ್ಚಳದ ನಂಬರು ಅಳಿಸಿಹೋಗಿದ್ದ ಒಂದು ಸೀಸೆಯಿಂದ ಕಂದು ಎಂದುಕೊಂಡು ನಾಲ್ಕಾರು ಹನಿ ಬೆರೆಸಿದ್ದ. ವಿಜಯ ತಡೆದಿರಲಿಲ್ಲ. ಹುಡುಗನಿಗೆ ಕಣ್ಣಿದೆ, ತಾನು ಯಾಕೆ ನೋಡಬೇಕು ಎಂದುಕೊಂಡಿದ್ದ.

"ಸೂಪರ್ ಕಣೋ. ಮಳೆ ಬರೋ ಮುಂಚೆ ಆಕಾಶ ಇರುತ್ತಲ್ಲ, ಹಂಗಿದೆ."

"ಅಲ್ವಾ? ಅದೇ ತಲೇಲಿ ಇಟ್ಕೊಂಡು ಕಲಸಿದ್ದು ನಾನೂ."

ಅಷ್ಟರಲ್ಲಿ ವಿಜಯನ ಅಮ್ಮ ಮುನಿಕೃಷ್ಣಮ್ಮ ಮೊರದ ತುಂಬ ಮೆಣಸಿನಕಾಯಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮಂಡಿನೋವಿನವಳು, ಬಂದವಳೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಗನನ್ನೂ ಮಗಳ ಮಗನನ್ನೂ ನೋಡಿ, ಮೇಜಿನ ಮೇಲಿದ್ದದ್ದನ್ನು ನೋಡಿ ನಕ್ಕಳು.

"ಏನ್ರಲಾ ಇದು, ಇಮಾನಕ್ಕೆ ರೋಸ್ ಬಳ್ದಿದ್ದೀರ? ಎಣ್ಮಗೀಗೆ ಕೊಡಾಕಾ?"

"ಅಜ್ಜಿ, ಅದು ಗ್ರೇ. ಬೂದಿ ಬಣ್ಣ."

"ಬೂದೀನಾ? ಒಲೆ ಮುಂದೆ ಮುದ್ಕಿ ಆದೋಳ್ಗೆ ಬೂದಿ ತೋರಿಸ್ತೀಯಾ ನೀನು? ಒಗ್ದು ಒಗ್ದು ಮಾಸೋಗಿರೋ ರೋಸ್ ಲಂಗ ಇದ್ದಂಗೈತೆ."

"ನಿನ್ ಕಣ್ಣಿಗೆ ಇನ್ನೊಂದ್ಸಲ ಪೊರೆ ಆಪರೇಷನ್ ಮಾಡಿಸ್ಬೇಕು ಅಜ್ಜಿ. ಮಾವ, ನೀನೇ ಹೇಳು."

ವಿಜಯ ವಿಮಾನವನ್ನು ನೋಡಿದ. ಅದು ಬೂದಿಯಾಗಿಯೇ ಇತ್ತು. ಎಷ್ಟು ನೋಡಿದರೂ ಬೂದಿಯೇ. ಪಕ್ಕದಲ್ಲಿ ಸಿದ್ದು ಅದನ್ನೇ ನೋಡುತ್ತಿದ್ದ, ನಗುತ್ತಿದ್ದ. ವಿಜಯ ವಿಮಾನದಿಂದ ಕಣ್ಣು ತೆಗೆದು ಹುಡುಗನ ಕಣ್ಣು ನೋಡಿದ.

"ಹೌದಮ್ಮ, ರೋಸೇ" ಎಂದ. "ರೋಸೇ ಇರ್ಬೇಕು ಅದು. ಯುದ್ಧದಲ್ಲಿ ಫೋಟೋ ತೆಗೆಯೋ ವಿಮಾನಗಳಿಗೆ ಬ್ರಿಟಿಷ್‌ನವರು ಮಸುಕು ಗುಲಾಬಿ ಬಳೀತಿದ್ರು. ಬೆಳಗಿನ ಜಾವದ ಮೋಡದಲ್ಲಿ ಕಾಣದಿರ್ಲಿ ಅಂತ."

"ಅದೆಲ್ಲ ಸರಿ" ಎಂದ ಸಿದ್ದು. ನಗು ಇನ್ನೂ ಮುಖದ ಮೇಲೇ ಇತ್ತು, ಆದರೆ ಅದು ಕಾಯುತ್ತಿತ್ತು. "ನಾನ್ ಕಲಸಿದ್ದು ಗ್ರೇ ಅಲ್ವಾ? ನೀನೂ ಈಗ ತಾನೇ ಮಳೆ ಆಕಾಶ ಇದ್ದಂಗಿದೆ ಅಂದ್ಯಲ್ಲ."

ಮುನಿಕೃಷ್ಣಮ್ಮ ಮೊರವನ್ನು ನೆಲಕ್ಕಿಟ್ಟಳು. ಅವಳ ಕಣ್ಣು ಮಗನಿಂದ ಹುಡುಗನಿಗೆ, ಹುಡುಗನಿಂದ ಮಗನಿಗೆ ಹೋಯಿತು.

"ಇವ್ನಿಗೂವಾ, ವಿಜಿ?"

"ಅಮ್ಮ, ನೀನ್ ಕೆಳಗ್ ಹೋಗು."

"ಇವ್ನಿಗೂ ಅಂದ್ರೆ?" ಎಂದ ಸಿದ್ದು. "ಏನಜ್ಜಿ, ಇವ್ನಿಗೂ ಅಂದ್ರೆ?"

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ನಮ್ಮಣ್ಣ ಅಂಗೇ ಇದ್ದ ಕಣಪ್ಪ. ತ್ವಾಟದಾಗೆ ಕೆಂಪ್ಗಿರೋ ಅಣ್ಣು ಮೆಣಸಿನಕಾಯಿ ಕಿತ್ಕೊಂಡ್ ಬಾ ಅಂದ್ರೆ ಕಾಯೆಲ್ಲ ಕಿತ್ತು ತರೋನು. ನಮ್ಮಪ್ಪ ಬಾರ್ಕೋಲಲ್ಲಿ ಒಡೆಯೋನು, ಬೇಕೂ ಅಂತ ಮಾಡ್ತಾನೆ ಅಂತ. ಬೇಕೂ ಅಂತ ಮಾಡ್ತಿರ್ಲಿಲ್ಲ ಅವ್ನು." ಅಷ್ಟು ಹೇಳಿ ಸೆರಗನ್ನು ಬಾಯಿಗೆ ಹಿಡಿದಳು.

ವಿಜಯ ಫೋನು ತೆಗೆದು ಹುಡುಕಿ ಒಂದು ಚಿತ್ರ ತೋರಿಸಿದ. ಒಂದು ವೃತ್ತ, ಒಳಗೆಲ್ಲ ಸಣ್ಣ ದೊಡ್ಡ ಬಣ್ಣದ ಚುಕ್ಕಿ.

"ಏನ್ ಕಾಣುತ್ತೆ?"

"ಚುಕ್ಕಿ."

"ನಂಬರ್ ಕಾಣುತ್ತಾ?"

ಸಿದ್ದು ಫೋನು ಕಸಿದುಕೊಂಡ. ಹತ್ತಿರ ಹಿಡಿದ, ದೂರ ಹಿಡಿದ, ಸ್ಕ್ರೀನಿನ ಬೆಳಕು ಹೆಚ್ಚಿಸಿದ. "ಏನೂ ಇಲ್ಲ ಇದ್ರಲ್ಲಿ."

"ನಂಗೂ ಏನೂ ಕಾಣಲ್ಲ. ಆದ್ರೆ ಅಲ್ಲಿ ನಲವತ್ತೈದು ಅಂತಿದೆ. ಮೆಡಿಕಲ್‌ನಲ್ಲಿ ಇಂಥ ಚಿತ್ರಗಳದ್ದೇ ಒಂದ್ ಪುಸ್ತಕ ತೋರಿಸ್ತಾರೆ."

ಸಿದ್ದು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಫೋನು ಹಿಡಿದ. ಅವಳಿಗೆ ಓದಲು ಬರುತ್ತಿರಲಿಲ್ಲ, ಅಂಕಿ ಮಾತ್ರ ಗೊತ್ತಿತ್ತು. ನೋಡಿದಳು, ಮೊಮ್ಮಗನ ಮುಖ ನೋಡಿದಳು. "ನಂಗೂ ಕಾಣಾಕಿಲ್ಲ ಕಂದ" ಎಂದಳು. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಹುಡುಗನಿಗೂ ಗೊತ್ತಾಯಿತು. ಅವಳು ಎದ್ದು, ಮೊರವನ್ನು ಅಲ್ಲೇ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಜಕ್ಕೂರಿನ ಕಡೆಯಿಂದ ತರಬೇತಿಯ ಸಣ್ಣ ವಿಮಾನವೊಂದು ಗೊರಗೊರ ಎನ್ನುತ್ತ ಮನೆಯ ಮೇಲೆ ಹಾದುಹೋಯಿತು. ಆ ಸದ್ದು ಕೇಳಿದರೆ ಸಿದ್ದು ಯಾವಾಗಲೂ ಹೊರಗೆ ಓಡುತ್ತಿದ್ದ. ಇವತ್ತು ಕದಲಲಿಲ್ಲ.

"ಬಾಯಿಪಾಠ ಮಾಡ್ತೀನಿ" ಎಂದ. "ಎಷ್ಟು ಪುಟ ಇರುತ್ತೆ ಆ ಪುಸ್ತಕ? ಇನ್ನೂ ನಾಲ್ಕು ದಿನ ಇದೆ. ನಂಗೆ ಸಾಕು."

"ನಾನೂ ಮಾಡಿದ್ದೆ. ಪುಸ್ತಕ ದಾಟಿಬಿಟ್ಟೆ. ಆಮೇಲೆ ಕತ್ತಲೆ ರೂಮಿಗೆ ಕರ್ಕೊಂಡ್ ಹೋದ್ರು. ದೂರದಲ್ಲಿ ಎರಡು ಪುಟ್ಟ ದೀಪ ಹಚ್ಚಿ, ಯಾವ ಬಣ್ಣ ಅಂದ್ರು."

"ಏನಂದೆ?"

"ಬಿಳಿ, ಬಿಳಿ ಅಂದೆ. ಬರ್ಕೊಂಡ್ರು. ಇನ್ನೊಂದ್ಸಲ ಹಚ್ಚಿದ್ರು. ಇನ್ನೊಂದ್ಸಲ ಬಿಳಿ ಅಂದೆ. ಆ ಡಾಕ್ಟ್ರು ಒಳ್ಳೆಯವ್ರು, ಹೆಗಲ ಮೇಲೆ ಕೈ ಹಾಕ್ಕೊಂಡು ಹೊರಗೆ ಕಳಿಸಿದ್ರು."

"ಎತ್ತರ ಸಾಲ್ಲಿಲ್ಲ ಅಂದ್ಯಲ್ಲ ಎಲ್ರಿಗೂ."

"ಹೂಂ."

"ಎಂಟು ವರ್ಷ ಆ ರಾಡಿಗೆ ನೇತಾಕ್ಕೊಂಡಿದ್ನಲ್ಲ ಮಾವ ನಾನು." ಸಿದ್ದುವಿನ ದನಿ ಜೋರಾಗಲಿಲ್ಲ. ಜೋರಾಗಿದ್ದರೆ ವಿಜಯನಿಗೆ ಸುಲಭವಾಗುತ್ತಿತ್ತು. "ನೀನ್ ನೋಡ್ತಿದ್ದೆ. ಬಂದಾಗೆಲ್ಲ ಟೇಪ್ ಹಿಡಿದು ಅಳೀತಿದ್ದೆ. ಒಂದ್ಸಲ, ಒಂದೇ ಒಂದ್ಸಲ ಕಣ್ಣು ಚೆಕ್ ಮಾಡಿಸು ಅನ್ನಕ್ಕಾಗ್ಲಿಲ್ವಾ?"

"ನಿಂಗೂ ಇರುತ್ತೆ ಅಂತ ಗೊತ್ತಿರ್ಲಿಲ್ಲ ಕಣೋ."

"ಇರ್ಬಹುದು ಅಂತ ಗೊತ್ತಿತ್ತಾ?"

ವಿಜಯ ಮೇಜಿನ ಮೇಲಿನ ಸೀಸೆಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದ. ಅಮ್ಮನ ಕಡೆಯಿಂದ ತನಗೆ ಬಂದದ್ದು ತಂಗಿಯ ಮೂಲಕ ಅವಳ ಮಗನಿಗೂ ಬರಬಹುದು ಎಂದು ಅವನು ಎಲ್ಲೋ ಓದಿದ್ದ. ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಎಂದಿತ್ತು. ಉಳಿದ ಮೂರು ಪಾಲನ್ನು ಅವನು ನಂಬಿಕೊಂಡಿದ್ದ.

"ಬೇರೆ ಬ್ರಾಂಚ್ ಇದಾವೆ" ಎಂದ ಕೊನೆಗೆ. "ಏರ್‌ಫೋರ್ಸಲ್ಲೇ. ನೆಲದ ಮೇಲಿನ ಕೆಲಸ. ಅದಕ್ಕೆ ಕಣ್ಣು ಇಷ್ಟೇ ಇರ್ಬೇಕು ಅಂತ—"

"ನೀನ್ ಹೋದ್ಯಾ?"

ವಿಜಯ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಬೇರೆಯವರು ಹಾರುವುದನ್ನು ನೋಡಿಕೊಂಡು ಕೆಳಗೆ ನಿಲ್ಲುವುದು ಆಗುವುದಿಲ್ಲ ಎಂದು ಜೆರಾಕ್ಸ್ ಅಂಗಡಿ ಇಟ್ಟಿದ್ದ.

"ಅಮ್ಮಂಗೆ ಗೊತ್ತಾ? ಅವಳಿಂದ ಬಂದಿದ್ದು ಅಂತ?"

"ಯಾರೂ ಹೇಳಿಲ್ಲ ಅವಳಿಗೆ."

ಸಿದ್ದು ವಿಮಾನವನ್ನು ಅಂಗೈ ಮೇಲೆ ಇಟ್ಟುಕೊಂಡ. ಎಸೆಯುತ್ತಾನೆ ಎಂದುಕೊಂಡ ವಿಜಯ. ಎಸೆಯಲಿ ಎಂದೂ ಅನ್ನಿಸಿತು. ಸಿದ್ದು ಅದನ್ನು ಹಿಂದೆ ಮುಂದೆ ತಿರುಗಿಸಿ, ಎಲ್ಲಾದರೂ ಒಂದು ಕಡೆ ಗುಲಾಬಿ ಕಂಡೀತೇನೋ ಎಂಬಂತೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ಆಮೇಲೆ ಇದ್ದ ಜಾಗದಲ್ಲೇ ಇಟ್ಟು ಎರಡೂ ಅಂಗೈಗಳಿಂದ ಕಣ್ಣೊತ್ತಿಕೊಂಡ. ಭುಜ ಮಾತ್ರ ಅಲುಗುತ್ತಿತ್ತು. ಅಷ್ಟು ಎತ್ತರದ ಹುಡುಗ ಆ ಸಣ್ಣ ಸ್ಟೂಲಿನ ಮೇಲೆ ಮಡಿಚಿಕೊಂಡು ಕೂತಿದ್ದ. ಅವನ ಬೆನ್ನ ಮೇಲೆ ಕೈ ಇಡಬೇಕೆಂದು ವಿಜಯ ಕೈ ಎತ್ತಿದ. ಇಡಲಿಲ್ಲ. ತನ್ನ ಹೆಗಲ ಮೇಲೆ ಅವತ್ತು ಆ ಡಾಕ್ಟರು ಇಟ್ಟ ಕೈಯನ್ನು ಅವನು ಇನ್ನೂ ಮರೆತಿರಲಿಲ್ಲ.

ಸಿದ್ದುವಿನ ಫೋನು ಹೊಡೆದುಕೊಂಡಿತು. ವೀಡಿಯೋ ಕಾಲ್. ಅಮ್ಮ.

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎತ್ತಿದ. ಜ್ಯೋತಿಲಕ್ಷ್ಮಿ ಯಲಹಂಕದ ಬಟ್ಟೆ ಅಂಗಡಿಯಲ್ಲಿದ್ದಳು. ಹಿಂದೆ ಟ್ಯೂಬ್‌ಲೈಟುಗಳು, ಜೋಡಿಸಿಟ್ಟ ಅಂಗಿಗಳ ಗೋಡೆ.

"ಏನೋ ಮುಖ ಹಿಂಗಿದೆ? ಕಣ್ಣೆಲ್ಲ ಊದ್ಕೊಂಡಿದೆ?"

"ಪೇಂಟ್ ವಾಸನೆ ಅಮ್ಮ."

"ನಿಮ್ಮಾವಂಗೆ ಬೇರೆ ಕೆಲ್ಸ ಇಲ್ಲ. ಮೆಡಿಕಲ್ ಮುಗಿಯೋವರ್ಗೂ ಆ ಹಾಳು ರೂಮಿಗೆ ಹೋಗ್ಬೇಡ, ಕಣ್ಣು ಗಿಣ್ಣು ಕೆಟ್ರೆ ಏನ್ಮಾಡೋದು? ಇರ್ಲಿ, ಬೇಗ ಹೇಳು, ಅಂಗಡಿಯವ್ರು ಕಾಯ್ತಿದಾರೆ." ಅವಳು ಫೋನನ್ನು ಎಲ್ಲೋ ಒರಗಿಸಿಟ್ಟು ದೂರ ಸರಿದು ನಿಂತಳು. ಎರಡೂ ಕೈಯಲ್ಲಿ ಒಂದೊಂದು ಅಂಗಿ ಹಿಡಿದು, ಎರಡನ್ನೂ ಎದೆಗೆ ಆನಿಸಿಕೊಂಡಳು. "ಗುರುವಾರಕ್ಕೆ. ಡಾಕ್ಟ್ರುಗಳ ಮುಂದೆ ನಿಂತ್ರೆ ಆಫೀಸರ್ ತರ ಕಾಣ್ಬೇಕು. ಹಸ್ರು ತಗೊಳ್ಲಾ, ಕಾಫಿ ಕಲರ್ ತಗೊಳ್ಲಾ?"

ಸಿದ್ದು ನೋಡಿದ. ವಿಜಯನೂ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ. ಎರಡೂ ಒಂದೇ ತಾನಿನ ಬಟ್ಟೆಯಲ್ಲಿ ಹೊಲಿದ ಹಾಗಿದ್ದವು. ಅಂಗಡಿಯ ಬೆಳಕಿನಲ್ಲಿ ಜ್ಯೋತಿ ಒಮ್ಮೆ ಎಡಗೈ ಅಂಗಿಯನ್ನು ಮುಂದೆ ಮಾಡುತ್ತಿದ್ದಳು, ಒಮ್ಮೆ ಬಲಗೈಯದನ್ನು. ನಗುತ್ತಿದ್ದಳು.

"ಹೇಳೋ, ಬಾಯಲ್ಲಿ ಏನ್ ಇಟ್ಕೊಂಡಿದ್ದೀಯ?"

"ಹಸ್ರು ಅಮ್ಮ" ಎಂದ ಸಿದ್ದು. "ಹಸ್ರೇ ಚೆನ್ನಾಗಿದೆ."

"ನಂಗೂ ಅದೇ ಇಷ್ಟ ಆಗಿತ್ತು."

ಕಾಫಿ ಕಲರ್ ಬೇಡವೆಂದು ಅವಳು ಯಾವ ಕೈ ಕೆಳಗಿಳಿಸುತ್ತಾಳೆ ಎಂದು ಇಬ್ಬರೂ ಫೋನನ್ನೇ ನೋಡುತ್ತಿದ್ದರು.