ನಲವತ್ತನೆಯ ಮನೆ

ನಮ್ಮ ಸಾಲಿನಲ್ಲಿ ಅಳತೆಯ ಟೇಪು ಇದ್ದದ್ದು ನನ್ನ ಕುತ್ತಿಗೆಯಲ್ಲಿ ಮಾತ್ರ. ಮನೆ ಅಳೆಯುವ ಕೆಲಸ ನನ್ನ ತಲೆಗೆ ಬಂದದ್ದು ಹಾಗೆ. ನಾನು ಟೈಲರ್, ಅಂಗಿ, ಲಂಗ, ಶಾಲೆಯ ಯೂನಿಫಾರಂ ಹೊಲಿಯುವವಳು. ಆಫೀಸಿನ ಮೇಡಂ ಬಂದು, "ನಿಮ್ಮ ಮನೆ ನೀವೇ ಅಳೀರಿ, ಆಮೇಲೆ ಆಫೀಸಿನವರು ಮೋಸ ಮಾಡಿದ್ರು ಅಂತ ನನ್ನ ಮೇಲೆ ಬರಬೇಡಿ" ಎಂದು ನಕ್ಕಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನೂ ಉಬ್ಬಿಹೋದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಮೇಲೆ, ನೀರಿನ ಟ್ಯಾಂಕಿನಿಂದ ಕಾರ್ಖಾನೆಯ ಕಾಂಪೌಂಡಿನವರೆಗೆ ನಮ್ಮದು ಮೂವತ್ತಾರು ಮನೆಗಳ ಒಂದೇ ಸಾಲು. ಕೆಳಗೆ, ಕಾಲುವೆಯ ದಂಡೆಯಲ್ಲಿ ಇನ್ನು ನಾಲ್ಕು. ಯಾರ ಹೆಸರಿಗೂ ನೆಲವಿರಲಿಲ್ಲ. ಮೇಡಂ ತಂದ ಯೋಜನೆ ಇಷ್ಟು: ದಂಡೆಯನ್ನು ಖಾಲಿ ಬಿಡಬೇಕು, ಅಲ್ಲಿ ಮರ, ಹುಲ್ಲು ಬೆಳೆಸಬೇಕು, ಮಳೆಗಾಲದಲ್ಲಿ ಉಕ್ಕಿದ ನೀರು ಅಲ್ಲೇ ಹರಡಿ ಇಂಗಬೇಕು. ಕೆಳಗಿನ ನಾಲ್ಕು ಸಂಸಾರ ಮೇಲಕ್ಕೆ ಬರಬೇಕು. ಈಗಿನ ತಗಡಿನ ಮನೆಗಳನ್ನು ಕಿತ್ತು, ಹತ್ತಡಿ ಅಗಲದ ನಲವತ್ತು ಇಟ್ಟಿಗೆ ಮನೆಗಳನ್ನು ಗೋಡೆಗೆ ಗೋಡೆ ಸೇರಿಸಿ ಕಟ್ಟಬೇಕು. ದಂಡೆ ಖಾಲಿಯಾದ ಮೇಲೆ ನೆಲದ ಪತ್ರ ಎಲ್ಲರ ಕೈಗೂ ಒಟ್ಟಿಗೆ. ಇದಕ್ಕೆಲ್ಲ ಮೇಲಿನವರು ತಲಾ ಒಂದಡಿಯಷ್ಟು ಅಗಲ ಬಿಟ್ಟುಕೊಡಬೇಕು.

ಒಂದಡಿ! ನಮ್ಮಲ್ಲಿ ಪಕ್ಕದವಳ ಪೊರಕೆ ಎರಡು ಬೆರಳು ಈಚೆ ಬಂದರೆ ಜಡೆ ಹಿಡಿಯುವ ಜನ. ಒಪ್ಪಿಸಿದ್ದು ನನ್ನ ಅಕ್ಕ. ಅವಳು ದಂಡೆಯಲ್ಲಿದ್ದಳು, ಸೊಂಟ ಮುರಿದು ಮಂಚ ಹಿಡಿದಿದ್ದ ಭಾವನ ಜೊತೆ. ಭಾವ ಹಿಂದೆ ಮೂಟೆ ಹೊರುತ್ತಿದ್ದವರು. ನಾಲ್ಕು ತಿಂಗಳು ಅಕ್ಕ ಮೂವತ್ತಾರು ಬಾಗಿಲು ತಟ್ಟಿದಳು. ಬೈದವರ ಮನೆಗೆ ಮಾರನೇ ದಿನ ಮತ್ತೆ ಹೋದಳು. "ಬಂತಪ್ಪಾ ಒಂದಡಿ" ಎಂದು ಮಕ್ಕಳು ಅವಳನ್ನು ಕೂಗುತ್ತಿದ್ದವು. ಕೊನೆಗೆ ದೊಡ್ಡವರ ಬಾಯಲ್ಲೂ ಅವಳ ಹೆಸರು ಒಂದಡಿ ಎಂದೇ ಆಯಿತು. ಎಲ್ಲರೂ ಹೆಬ್ಬೆಟ್ಟು ಒತ್ತಿದ ದಿನ ಮನೆಗಳಿಗೆ ನಂಬರು ಹಂಚುವಾಗ ಅವಳೇ ಹೇಳಿದಳು: "ನಮ್ಮದು ಕೊನೇದಿರ್ಲಿ. ಕೇಳಿದವಳು ಮೊದಲು ತಗೊಂಡ್ರೆ ಚೆನ್ನಾಗಿರಲ್ಲ."

ನನಗೆ ಸಿಕ್ಕಿದ್ದು ಏಳು. ಅಕ್ಕನಿಗೆ ನಲವತ್ತು.

ನಾನು ಒಂದು ವಾರ ಟೇಪು ಹಿಡಿದು ಮನೆಮನೆ ತಿರುಗಿದೆ. ಯೂನಿಫಾರಂ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದೊಂದು ಮನೆಯ ಅಗಲ ಬರೆದೆ. ಕೂಡಿಸಿದರೆ ಸರಿಯಾಗಿ ನಾನೂರು ಅಡಿ. ಮೇಡಂ ಅದನ್ನೇ ನಕ್ಷೆಗೆ ಏರಿಸಿದರು. ನಡುವೆ ಹಿಂದೆ ಮುಂದೆ ಚಾಚಿಕೊಂಡು ಮನೆಗಳು ನಿಂತಿದ್ದಾಗ ಈ ತುದಿಯಿಂದ ಆ ತುದಿಗೆ ದಾರ ಎಳೆಯುವುದು ಹೇಗೆ? ಯಾರೂ ಎಳೆಯಲಿಲ್ಲ.

ಟ್ಯಾಂಕಿನ ಕಡೆಯಿಂದ ಮೂರು ಮೂರು ಮನೆಯಾಗಿ ಕಟ್ಟುತ್ತ ಬಂದರು. ಮೂರು ಕೆಡವುವುದು, ಆ ಸಂಸಾರಗಳು ಪ್ಲಾಸ್ಟಿಕ್ ಹಾಳೆಯ ಕೆಳಗಿರುವುದು, ಗೋಡೆ ಏಳುವುದು, ಒಳಗೆ ಹೋಗುವುದು. ಕಾಂಪೌಂಡಿನ ಪಕ್ಕ ಖಾಲಿಯಾದ ಜಾಗದಲ್ಲಿ ಮರಳು, ಇಟ್ಟಿಗೆ ರಾಶಿ ಬಿದ್ದಿತ್ತು. ಹದಿಮೂರನೇ ಸಲಕ್ಕೆ ಮೂವತ್ತೊಂಬತ್ತು ಮನೆ ಮುಗಿದವು. ಆಮೇಲೆ ರಾಶಿ ತೆಗೆದು ಮೇಸ್ತ್ರಿ ತನ್ನ ಉಕ್ಕಿನ ಟೇಪು ಎಳೆದ. ಮತ್ತೆ ಎಳೆದ. ಬೀಡಿ ಎಸೆದು ನನ್ನನ್ನು ಕರೆಸಿದ.

"ನಾಲ್ಕೇ ಅಡಿ ಇದೆಯಲ್ಲಮ್ಮಾ."

"ಸರಿಯಾಗಿ ಅಳಿ. ಕಣ್ಣು ನೆತ್ತಿ ಮೇಲಿದೆಯಾ?"

"ನೀನೇ ಹಿಡಿ ಹಾಗಾದ್ರೆ."

ನಾನೇ ಹಿಡಿದೆ. ನಾಲ್ಕು ಅಡಿ. ಇಡೀ ಸಾಲು ಮುನ್ನೂರ ತೊಂಬತ್ತನಾಲ್ಕು. ಆಗಲೇ ಜನ ಸೇರಿ, ಮೇಸ್ತ್ರಿ ಗೂಟ ಕಿತ್ತು ನೆಟ್ಟಿದ್ದಾನೆ, ಇಟ್ಟಿಗೆ ಕದ್ದವನು ನೆಲ ಕದಿಯದೆ ಬಿಡುತ್ತಾನೆಯೇ ಎಂದು ಶುರು ಮಾಡಿದ್ದರು. ನಾನು ಪುಸ್ತಕ ತೆರೆದು ನಿಂತೆ. ಕಮ್ಮಿಯಾದ ಆರಡಿ ಎಂದರೆ ಎಪ್ಪತ್ತೆರಡು ಅಂಗುಲ. ಮೂವತ್ತಾರು ಮನೆ. ಮನೆಗೆ ಎರಡಂಗುಲ.

ಆ ಎರಡಂಗುಲ ನನಗೆ ಗೊತ್ತಿತ್ತು. ಯಾವ ಬಟ್ಟೆ ಅಳೆದರೂ ಹೊಲಿಗೆಗೆಂದು ಈ ಬದಿಗೊಂದು, ಆ ಬದಿಗೊಂದು ಅಂಗುಲ ಸೇರಿಸಿಯೇ ನಾನು ಬರೆಯುವುದು. ಇಪ್ಪತ್ತು ವರ್ಷದಿಂದ ಕೈ ತಾನಾಗಿ ಬರೆಯುತ್ತದೆ, ತಲೆಯನ್ನು ಕೇಳುವುದಿಲ್ಲ. ನನಗೆ ಹೊಲಿಗೆ ಕಲಿಸಿದ್ದು ಅಕ್ಕ, ಅವಳ ಕಣ್ಣು ಮಂಜಾಗುವ ಮೊದಲು. ಅಂಗುಲ ಬಿಡದೆ ಕತ್ತರಿಸಿದರೆ ಸ್ಕೇಲಿನಿಂದ ಬೆರಳಿಗೆ ಬೀಳುತ್ತಿತ್ತು: "ಹೆಚ್ಚಾದ್ರೆ ಒಳಗೆ ಮಡಚ್ತೀಯ. ಕಮ್ಮಿಯಾದ್ರೆ ನಿನ್ನ ಚರ್ಮ ಹೊಲೀತೀಯೇನೇ?"

ಮೇಸ್ತ್ರಿಯ ಕಾಲರಿಗೆ ಯಾರೋ ಕೈ ಹಾಕಿದ್ದರು. "ಅವನನ್ನ ಬಿಡಿ, ತಪ್ಪು ನಂದು" ಎಂದೆ.

ಸಂಜೆ ಟ್ಯಾಂಕಿನ ಕೆಳಗೆ ಎಲ್ಲರೂ ಕೂತರು. ಮೇಡಂ ನಕ್ಷೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಲೆಕ್ಕ ಹಾಕಿ ಒಂದು ದಾರಿ ಹೇಳಿದರು: ಕೊನೆಯ ಆರು ಮನೆಯವರು ಇನ್ನೊಂದೊಂದು ಅಡಿ ಬಿಟ್ಟು ನಡುಗೋಡೆ ಸರಿಸಿದರೆ ನಲವತ್ತನೆಯದಕ್ಕೆ ಹತ್ತು ಸಿಗುತ್ತದೆ. ನಾನು ಆ ಆರು ಜನರ ಮುಂದೆ ಕೈಮುಗಿದೆ. ಅವರಲ್ಲಿ ಮೂವರು ಅಕ್ಕನ ಜೊತೆ ದಂಡೆಯಲ್ಲೇ ಇದ್ದವರು. ಮೂವತ್ತೊಂಬತ್ತನೆಯವನು ಬೀಗ ರಿಪೇರಿಯವನು; ಅಕ್ಕನ ಒಲೆಯ ಬೆಂಕಿ ತೆಗೆದುಕೊಂಡು ಹೋಗಿ ತನ್ನ ಒಲೆ ಹಚ್ಚುತ್ತಿದ್ದವನು.

"ಇನ್ನೂ ಗೋಡೆಯ ಸುಣ್ಣ ಆರಿಲ್ಲ" ಎಂದ ಅವನು, ನೆಲ ನೋಡುತ್ತ. "ಒಡೀ ಅಂದ್ರೆ ಹೇಗೆ ಒಡೀಲಿ? ಮತ್ತೆ ಕಟ್ಟೋಕೆ ಇಟ್ಟಿಗೆ ಯಾರು ಕೊಡ್ತಾರೆ?"

"ಮೇಲಿನವರು ಒಂದೊಂದಡಿ ಬಿಟ್ಟಿದ್ದಕ್ಕೇ ನೀನು ಗೋಡೆ ಕಂಡಿದ್ದು" ಎಂದು ನಾನು ಹರಿಹಾಯ್ದೆ. "ಅದನ್ನ ಬಿಡಿಸಿಕೊಟ್ಟವಳು ಯಾರು? ಅಷ್ಟು ಬೇಗ ಮರೆತುಹೋಯ್ತಾ?"

"ಮರೆತಿಲ್ಲ ತಾಯಿ. ತಪ್ಪು ಮಾಡಿದ್ದು ನೀನು. ನಿನ್ನ ಮನೆ ಇಲ್ವಾ? ಒಡಹುಟ್ಟಿದವಳನ್ನ ನಿನ್ನ ಮನೇಲೇ ಇಟ್ಕೋ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಗಂಡ ಕೆಮ್ಮಿದ. ಅಕ್ಕ ಮಾತ್ರ ನೋಡಲಿಲ್ಲ. ಸೆರಗಿನ ಅಂಚಿನಿಂದ ಒಂದು ನೂಲು ಎಳೆಯುತ್ತ ಕೂತಿದ್ದಳು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ನಮ್ಮಲ್ಲಿ ಎಲ್ಲಿ ಹಿಡಿಯುತ್ತೆ? ಮಿಷನ್ ಇದೆ. ಮಂಚಕ್ಕೆ ಜಾಗ ಇಲ್ಲ."

ಅಕ್ಕ ನೂಲು ಕಿತ್ತು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೇಡಂ ಕಡೆ ತಿರುಗಿ, ದಿನಾ ಬಾಗಿಲು ತಟ್ಟುವಾಗಿನ ಅದೇ ದನಿಯಲ್ಲಿ ಹೇಳಿದಳು.

"ಆ ನಾಲ್ಕಡಿ ದಾರಿಗೆ ಬಿಡಿ. ದಂಡೆಗೆ ಇಳಿಯೋಕೆ ಬೇಕಲ್ಲ, ಗಿಡಕ್ಕೆ ನೀರು ಹಾಕೋಕೆ. ನಾವು ಕಾಲುವೆ ಸೇತುವೆ ಆಚೆ ನೋಡ್ಕೋತೀವಿ. ಪತ್ರ ನಿಲ್ಲಿಸಬೇಡಿ."

ಬೇಡ ಎನ್ನಲು ಮೂವತ್ತೊಂಬತ್ತು ಮನೆಯಲ್ಲಿ ಒಂದು ಬಾಯಿ ಇರಲಿಲ್ಲ. ನನ್ನದೂ ಇರಲಿಲ್ಲ. ಎಂಟು ದಿನಕ್ಕೆ ಭಾವನನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಮಂಚವನ್ನು ಮೇಲೆ ಮಗುಚಿ ಹಾಕಿಕೊಂಡು, ಅಕ್ಕ ಸೇತುವೆ ದಾಟಿದಳು. ಕೆಳಗೆ, ಅದೇ ಕಾಲುವೆಯ ಇನ್ನೊಂದು ದಂಡೆಗೆ. ಗಾಡಿ ತಳ್ಳಿದವನು ಬೀಗದವನು. ಬರುವಾಗ ಅಳುತ್ತ ಬಂದ. ನನಗೆ ಅವನ ಮೇಲೆ ಉಗಿಯಬೇಕೆನಿಸಿತು. ಯಾವ ಬಾಯಿಂದ ಉಗಿಯಲಿ?

ಪತ್ರ ಬಂತು. ದಂಡೆಯಲ್ಲಿ ಹುಲ್ಲು ಹಬ್ಬಿತು, ಗಿಡ ಆಳೆತ್ತರ ಬೆಳೆದವು. ದೊಡ್ಡ ಆಫೀಸಿನವರು ಕ್ಯಾಮೆರಾ ತಂದು ನೋಡಿ ಹೋದರು. ಅವರಲ್ಲೊಬ್ಬ ನಲವತ್ತನೆಯ ಮನೆಯ ಜಾಗದಲ್ಲಿ ನಿಂತು, "ಈ ದಾರಿ ಬಿಟ್ಟಿದ್ದು ಭಾರಿ ಒಳ್ಳೆ ಯೋಚನೆ, ಯಾರದು?" ಎಂದು ಕೇಳಿದ. ಮೇಡಂ ನನ್ನ ಮುಖ ನೋಡಿ ಬೇರೆ ಮಾತೆತ್ತಿದರು. ನಾನು ಕುತ್ತಿಗೆಯ ಟೇಪು ತೆಗೆದು ಮುಷ್ಟಿಯಲ್ಲಿ ಸುತ್ತಿಟ್ಟುಕೊಂಡೆ.

ಎರಡನೆಯ ಮಳೆಗಾಲದಲ್ಲಿ ಕಾಲುವೆ ಉಕ್ಕಿತು. ಯೋಜನೆ ಹೇಳಿದಂತೆಯೇ ನಡೆಯಿತು: ನೀರು ನಮ್ಮ ದಂಡೆಯ ಮೇಲೆ ಹರಡಿತು, ಮರಗಳ ಬುಡದಲ್ಲಿ ನಿಂತಿತು, ನಮ್ಮ ಒಂದು ಹೊಸ್ತಿಲೂ ಒದ್ದೆಯಾಗಲಿಲ್ಲ. ಸೇತುವೆಯ ಆಚೆ ಹರಡಲು ಜಾಗವಿರಲಿಲ್ಲ. ಹಾಡಹಗಲು. ಅಕ್ಕ ಭಾವನ ಮಾತ್ರೆ ತರಲು ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ನೀರು ಮಂಚದ ಮೇಲಿತ್ತು. ಭಾವ ಏಳಲಾಗದವರು.

ಎಲ್ಲ ಮುಗಿದ ಮೇಲೆ ಅಕ್ಕನನ್ನು ನಾನೇ ಕರೆದುಕೊಂಡು ಬಂದೆ. ಅವಳು ನನ್ನ ಹಿಂದೆ ನಡೆದು ಬಂದಳು. ಕೈಯಲ್ಲಿ ಮಾತ್ರೆಯ ಪೊಟ್ಟಣ ಹಾಗೇ ಇತ್ತು. ಅವಳನ್ನು ಬಾಗಿಲಲ್ಲಿ ಕೂರಿಸಿ, ನಾನೂ ನನ್ನ ಗಂಡನೂ ಮಿಷನ್ನನ್ನು ಎರಡೂ ಕಡೆ ಹಿಡಿದು ಕಿಟಕಿಯ ಮೂಲೆಗೆ ಸರಿಸಿದೆವು. ಎರಡು ನಿಮಿಷದ ಕೆಲಸ. ಪಕ್ಕದ ಮನೆಯಿಂದ ಮಂಚ ತಂದು ಗೋಡೆಗೆ ಹಾಕಿದೆ. ಹಾಕಿದ ಮೇಲೂ ಕೆಳಗೆ ಇನ್ನೊಂದು ಹಾಸಿಗೆ ಬಿಡಿಸುವಷ್ಟು ನೆಲ ಉಳಿಯಿತು.

ಅಕ್ಕ ಎದ್ದು ಬಂದು ಮಂಚದ ಒಂದು ಅಂಚಿನಲ್ಲಿ ಕೂತಳು. ಮಂಜುಗಣ್ಣಿನಿಂದ ಆ ಖಾಲಿ ನೆಲವನ್ನು ನೋಡಿದಳು. ಬಗ್ಗಿ ಅದರ ಮೇಲೆ ಗೇಣು ಹಾಕಿದಳು, ಒಂದು, ಎರಡು, ಮೂರು, ನಾಲ್ಕು.

"ಹಿಡೀತಲ್ಲೇ" ಎಂದಳು.

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.