ಮಗುಚಬಾರದ ಮೀನು

“ಈ ಸಲ ಹಬ್ಬದ ಮೀನು ಯಾರ ಕೈ ಪಾಲಾಗುತ್ತೋ?”

ಅಂಗಳದಲ್ಲಿ ಕುಳಿತು ಶುಂಠಿ ಹೆರೆಯುತ್ತಿದ್ದ ಮುದುಕಿ ತಲೆಯೆತ್ತದೆ ಹೀಗೆಂದಳು. ಎದುರಿಗೆ ಇದ್ದದ್ದು ಗೋಡೆ, ಗೋಡೆಗೆ ಒಣಗಲು ತೂಗುಬಿಟ್ಟ ನಾಲ್ಕು ಹಾವುಮೀನು.  ಅಡುಗೆಮನೆಯಲ್ಲಿ ಹಿರಿಸೊಸೆ ಸುಫೆನ್ ಇದ್ದಳು. ಆ ಮೀನು ಆಗಲೇ ಅವಳ ಕೈಯಲ್ಲಿತ್ತು.

ಬೇರೆ ದಾರಿ ಇರಲಿಲ್ಲ. ಹಿಂದಿನ ಎರಡು ವರ್ಷವೂ ಹೊಸವರ್ಷದ ಮುನ್ನಾದಿನದ ಹಬ್ಬದೂಟಕ್ಕೆ ಮೀನು ಬೇಯಿಸಿದವಳು ಕಿರಿಸೊಸೆ ಜೂಯಿಂಗ್. ಈಗ ಅವಳು ನಾಲ್ಕು ತಿಂಗಳ ಬಸುರಿ. ಮೀನಿನ ಹಸಿ ವಾಸನೆ ಸೋಕಿದರೆ ಸಾಕು, ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡುತ್ತಿದ್ದಳು. ಮುದುಕಿಗೆ ಕಣ್ಣು ಮಂಜು. ಹಾಗಾಗಿ ಮೂರನೆಯ ವರ್ಷ ಮೀನು ಸುಫೆನ್‌ಳ ಪಾಲಿಗೆ ಬಂತು.

ಒಂದೂವರೆ ಮೊಳದ ಹಳದಿ ಮೀನು. ಹೊಟ್ಟೆ ಬಂಗಾರದ ಬಣ್ಣ. ಸುಫೆನ್ ಅದರ ಬಾಯೊಳಗೆ ಎರಡು ಊಟದ ಕಡ್ಡಿಗಳನ್ನು ತೂರಿಸಿ, ಕಿವಿರಿನ ಹಿಂದಿನಿಂದ ಹೊಟ್ಟೆಗಿಳಿಸಿ, ಮೆಲ್ಲನೆ ತಿರುವಿದಳು. ಕರುಳೆಲ್ಲ ಕಡ್ಡಿಗೆ ಸುತ್ತಿಕೊಂಡು ಹೊರಬಂತು. ಹೊಟ್ಟೆಗೆ ಒಂದು ಗೀರು ಇಲ್ಲ. ಹಿರಿಯರಿಗೆ ಎಡೆ ಇಡುವ ಮೀನು ಇಡಿಯಾಗಿರಬೇಕು.

“ಹೊಟ್ಟೆ ಸೀಳಿಬಿಟ್ಟೀಯ ಅಕ್ಕ. ಇದು ನಿಮ್ಮ ಗುಡ್ಡದ ಕೆರೆ ಮೀನಲ್ಲ.” ಜೂಯಿಂಗ್ ಬಾಗಿಲಾಚೆ ದೂರದಲ್ಲೇ ನಿಂತು ಕಲ್ಲಂಗಡಿ ಬೀಜ ಕಚ್ಚುತ್ತಿದ್ದಳು.

“ಎಂಟು ವರ್ಷದಿಂದ ಈ ದ್ವೀಪದ ನೀರೇ ಕುಡೀತಿದ್ದೀನಿ.”

“ಕುಡಿದ್ರೇನಾಯ್ತು? ಆ ಕಡೆ ಮನೆ ಹಂದೀನೂ ಕುಡೀತದೆ.”

ಅಂಗಳದ ಮುದುಕಿ ಕಿಸಕ್ಕನೆ ನಕ್ಕಳು. ಸುಫೆನ್ ಮೀನಿಗೆ ಉಪ್ಪು ಸವರಿದಳು, ಅಕ್ಕಿಯ ಮದ್ಯ ಚಿಮುಕಿಸಿದಳು, ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪನ್ನು ಹೆಚ್ಚಿ ಮೇಲೆ ಹರಡಿದಳು. ಈ ಮನೆಯಲ್ಲಿ ಮೀನನ್ನು ಹುರಿಯುವುದಿಲ್ಲ. ಹುರಿದರೆ ಬಾಣಲೆಯಲ್ಲಿ ಮಗುಚಬೇಕಾಗುತ್ತದೆ. ತಟ್ಟೆಯಲ್ಲೂ ಅಷ್ಟೆ: ಮೇಲಿನ ಮಗ್ಗುಲು ತಿಂದು ಮುಗಿದರೆ ನಡುಮುಳ್ಳನ್ನು ಎತ್ತಿ ತೆಗೆದು ಕೆಳಗಿನದನ್ನು ತಿನ್ನಬೇಕು. ದೋಣಿ ನಂಬಿದ ಮನೆಯಲ್ಲಿ ಮೀನು ಮಗುಚುವುದೆಂದರೆ ದೋಣಿ ಮಗುಚಿದ ಹಾಗೆ. ಮಾತಿನಲ್ಲಿ ಕೂಡ ಆ ಪದ ಬಾರದು.

ಮೂರು ಹಬ್ಬಗಳ ಹಿಂದೆ ಈ ಮನೆಯ ಮೇಜಿನ ಮೇಲೆ ಮೀನು ಮಗುಚಿತ್ತು. ಊಟದ ನಡುವೆ ಕರೆಂಟು ಹೋಯಿತು. ಮುದುಕಿ ಮೇಣದ ಬತ್ತಿ ಹುಡುಕಲು ಎದ್ದಳು. ಬೆಳಕು ಬಂದಾಗ ಮೀನು ಮಗುಚಿ ಬಿದ್ದಿತ್ತು, ಸುಫೆನ್‌ಳ ಬಟ್ಟಲಲ್ಲಿ ಕೆಳಮಗ್ಗುಲಿನ ದೊಡ್ಡ ತುಂಡು ಇತ್ತು. ಅದಾಗಿ ನಲವತ್ತು ದಿನಕ್ಕೆ ಅವಳ ಗಂಡ ಆಗೆನ್‌ನ ದೋಣಿ ತಲೆಕೆಳಗಾಯಿತು. ದೋಣಿಯ ಬೆನ್ನಿಗೆ ಅಂಟಿಕೊಂಡಿದ್ದ ಇಬ್ಬರು ಬದುಕಿದರು. ಆಗೆನ್ ಸಿಗಲಿಲ್ಲ.

“ಗುಡ್ಡದವಳು, ಗುಡ್ಡದ ಕೆಲಸಾನೇ ಮಾಡಿದ್ಲು,” ಎಂದು ಮುದುಕಿ ಅಂದಿನಿಂದ ಬಂದವರಿಗೆಲ್ಲ ಹೇಳಿದಳು. ಸುಫೆನ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಮೀನನ್ನು ಮಗುಚಿದವನು ಆಗೆನ್. ರಸದಲ್ಲಿ ನೆನೆದ ಕೆಳಮಗ್ಗುಲೇ ರುಚಿ, ನಮ್ಮೂರಲ್ಲಿ ಮೊದಲು ಅದನ್ನೇ ತಿನ್ನುತ್ತೇವೆ ಎಂದು ಅವಳು ಎಂದೋ ಹೇಳಿದ್ದಳು. ಕತ್ತಲಲ್ಲಿ ಅವನ ಕಡ್ಡಿಗಳ ಸದ್ದು ಕೇಳಿತು, ಕಿವಿಯ ಬಳಿ ಅವನ ನಗು ಕೇಳಿತು. “ಬೇಗ ತಿನ್ನೇ, ಅಮ್ಮ ಬಂದುಬಿಡ್ತಾಳೆ” ಅಂದಿದ್ದ. ಮಗನನ್ನು ಕಳೆದುಕೊಂಡ ತಾಯಿಗೆ, ಅವನ ಕೈಯೇ ಅವನನ್ನು ಮುಳುಗಿಸಿತು ಎಂದು ಹೇಳುವ ಬಾಯಿ ಸುಫೆನ್‌ಗೆ ಇರಲಿಲ್ಲ. ಬೈಗುಳವನ್ನೆಲ್ಲ ತನ್ನ ತಲೆಯ ಮೇಲೆ ಬೀಳಲು ಬಿಟ್ಟಳು.

ಆದರೆ ಇವತ್ತು ಅವಳಿಗೆ ಒಂದು ಬೇಕಿತ್ತು. ಹಿರಿಯರ ಮೇಜಿನ ಮೇಲೆ ಆಗೆನ್‌ಗೆ ಒಂದು ಬಟ್ಟಲು. ಬಟ್ಟಲು ಇಟ್ಟು ಹೆಸರು ಹಿಡಿದು ಕರೆಯದಿದ್ದರೆ ಸತ್ತವನು ಮನೆಗೆ ಬರಲಾರ. ಹಬ್ಬದ ದಿನ ಊರೆಲ್ಲ ತೆರೆದ ಬಾಗಿಲು; ಅವನೊಬ್ಬ ಪ್ರತಿ ಮನೆಯ ಹೊಸ್ತಿಲಲ್ಲೂ ಪರರ ಹಿರಿಯರಿಂದ ಗದರಿಸಿಕೊಂಡು, ಉಪ್ಪುನೀರು ಸುರಿಸುತ್ತ ಅಲೆಯುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಆವಿಯಲ್ಲಿ ಮೀನಿನ ಕಣ್ಣು ಬೆಳ್ಳಗಾಗಿ ಹೊರಗುಬ್ಬಿತು. ಸುಫೆನ್ ಇಳಿಸಿದಳು, ಶುಂಠಿಯನ್ನೂ ಈರುಳ್ಳಿ ಸೊಪ್ಪನ್ನೂ ಮೇಲಿಟ್ಟು ಕಾದ ಎಣ್ಣೆ ಹುಯ್ದಳು. ಚುರ್ ಎಂದಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಡುಮನೆಗೆ ನಡೆದಳು.

ಸಂಜೆಯ ಬಿಸಿಲು ಬಾಗಿಲವರೆಗೆ ಬಂದಿತ್ತು. ಮೈದುನ, ಜೂಯಿಂಗ್‌ಳ ಗಂಡ ಆಕ್ವಾನ್, ಹಿರಿಯರ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ, ತೀರಿಹೋದ ಆರು ಹಿರಿಯರಿಗೆ ಆರು ಬಟ್ಟಲು, ಆರು ಜೊತೆ ಕಡ್ಡಿ, ಆರು ಪುಟ್ಟ ಲೋಟ ಜೋಡಿಸಿದ್ದ. ಮುದುಕಿ ತಟ್ಟೆಯ ಮೇಲೆ ಬಗ್ಗಿದಳು. ಮೀನಿನ ತಲೆ ಹಿರಿಯರ ಬಟ್ಟಲುಗಳ ಕಡೆಗಿತ್ತು. ಬಾಲ ಮುರಿದಿರಲಿಲ್ಲ. ಬೆರಳಿನಿಂದ ಹೊಟ್ಟೆಯನ್ನು ಸವರಿ ನೋಡಿದಳು, ಗೀರು ಸಿಗಲಿಲ್ಲ. ತಪ್ಪು ಸಿಗದಿದ್ದಕ್ಕೆ ಅವಳ ಮುಖ ಇನ್ನಷ್ಟು ಗಂಟಾಯಿತು.

“ಉಪ್ಪು ಜಾಸ್ತಿ ಇರುತ್ತೆ,” ಎಂದಳು.

“ಅತ್ತೆ, ಏಳನೇ ಬಟ್ಟಲು ಇಡೋಣ.”

“ಯಾರಿಗೆ?”

“ಅವರಿಗೆ.”

“ನನ್ನ ಮಗ ಬಂದ್ರೆ ನನ್ನ ಪಕ್ಕ ಕೂತು ಉಣ್ತಾನೆ. ಸತ್ತೋರ ಪಂಕ್ತೀಲಿ ಕೂರಿಸೋಕೆ ನಿನಗೇನು ಅಷ್ಟು ಅವಸರ? ಇನ್ನೊಬ್ಬನ್ನ ನೋಡಿಟ್ಟಿದ್ದೀಯಾ?”

“ನೋಡಿಟ್ಟಿದ್ರೆ ನಿಮ್ಮ ಮೀನು ಬೇಯಿಸ್ಕೊಂಡು ಇಲ್ಲಿ ನಿಂತಿರ್ತಿದ್ನಾ? ಮೂರು ವರ್ಷ ಆಯ್ತು ಅತ್ತೆ. ಅವರು ಹಸಿದಿದ್ದಾರೆ. ನೀವು ತಾಯಿ, ನಿಮಗೆ ಗೊತ್ತಾಗಲ್ವಾ?”

ಮುದುಕಿಯ ಕೈ ಮೇಜಿನ ಅಂಚನ್ನು ಹಿಡಿಯಿತು. ಆಕ್ವಾನ್ ನಡುವೆ ಬಂದ. “ಅಮ್ಮ, ಹಬ್ಬ ಕಳೆದು ಆರನೇ ದಿನಕ್ಕೆ ನಾನು ದೋಣಿ ಹತ್ತಬೇಕು. ಜಗಳ ಬೇಡ. ಒಂದು ಬಟ್ಟಲು ತಾನೆ, ಇಡೋಣ.”

“ನೀನು ಹತ್ತಬೇಕಲ್ಲ, ಅದೇ ನನ್ನ ಹೊಟ್ಟೆ ಉರಿ. ಇವಳ ತಪ್ಪು ಇನ್ನೂ ಈ ಮನೆ ಜಂತೇಲಿ ಕೂತಿದೆ. ಒಬ್ಬನ್ನ ತಿಂದಿದೆ, ಇನ್ನೊಬ್ಬ ಇದ್ದಾನೆ.”

ಮುದುಕಿ ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಹೊರಬಂದಾಗ ಅವಳ ಕೈಯಲ್ಲಿ ನೀಲಿ ಅಂಚಿನ ಬಟ್ಟಲು ಇತ್ತು, ಆಗೆನ್ ಉಣ್ಣುತ್ತಿದ್ದದ್ದು. ಅದನ್ನು ಎದೆಗೆ ಒತ್ತಿಕೊಂಡಿದ್ದಳು. ಇಷ್ಟು ವರ್ಷ ಅದನ್ನು ಒಡೆದು ಹಾಕಿದ್ದಾರೆ ಎಂದೇ ಸುಫೆನ್ ತಿಳಿದಿದ್ದಳು.

“ಇಡ್ತೀನಿ,” ಎಂದಳು ಮುದುಕಿ. ದನಿ ಮೊದಲ ಬಾರಿಗೆ ತಗ್ಗಿತ್ತು. “ಹೆಸರೂ ನಾನೇ ಕೂಗ್ತೀನಿ. ನೀನು ಒಂದು ಕೆಲಸ ಮಾಡು. ಲೋಟಕ್ಕೆ ಮದ್ಯ ಹಾಕೋ ಮುಂಚೆ ಇಲ್ಲಿ ಮಂಡಿಯೂರಿ, ಆ ವರ್ಷ ಮೀನಿಗೆ ಹಾಗೆ ಮಾಡಿದ್ದು ನಾನು ಅಂತ ಎಲ್ಲರ ಮುಂದೆ ಒಪ್ಕೋ. ಹಿರಿಯರೆದುರು ಒಪ್ಕೊಂಡ ತಪ್ಪು ಜಂತೆ ಬಿಟ್ಟು ಇಳಿಯುತ್ತೆ, ಅಲ್ಲಿಗೆ ಮುಗೀತು. ಮತ್ತೆ ಆ ಮಾತು ಎತ್ತಲ್ಲ. ನಿನ್ನ ಹತ್ರ ಬೇಡ್ಕೋತಿದ್ದೀನಿ ಅಂತಾನೇ ತಿಳ್ಕೋ.”

“ಹೇಳಿಬಿಡು ಅಕ್ಕ,” ಎಂದಳು ಜೂಯಿಂಗ್. ಅವಳ ದನಿಯಲ್ಲಿ ಈಗ ಕೊಂಕಿರಲಿಲ್ಲ. “ನನ್ನ ಹೊಟ್ಟೇಲಿರೋದಕ್ಕೆ ಅಪ್ಪ ಬೇಕು.”

ಸುಫೆನ್ ಬಟ್ಟಲನ್ನೇ ನೋಡಿದಳು. ಮೂರು ವರ್ಷ ಸುಮ್ಮನಿದ್ದವಳಿಗೆ ಒಂದು ಮಾತು ಎಷ್ಟರದು? ಒಂದು ಉಸಿರಿನದು. ಆಡಿದರೆ ಅವನು ಇವತ್ತೇ ಉಣ್ಣುತ್ತಾನೆ. ಆದರೆ ಬಟ್ಟಲಿಟ್ಟು ಕರೆದ ಮೇಲೆ ಅವನು ಬಂದು ಇಲ್ಲೇ ಕೂರುವವನು. ತನಗಾಗಿ ಮೀನು ಮಗುಚಿ ನಕ್ಕವನ ಎದುರಿಗೆ, ನಿನ್ನನ್ನು ಕೊಂದವಳು ನಾನು ಎಂದು ಹಿರಿಯರ ದೀಪದ ಮುಂದೆ ಸುಳ್ಳು ನುಡಿದು ಅನ್ನ ಬಡಿಸಬೇಕು. ಅಂಥ ಅನ್ನವನ್ನು ಅವನು ಮುಟ್ಟಿಯಾನೇ? ಮುಟ್ಟಿದರೂ ಮುಂದಿನ ವರ್ಷ ಯಾವ ಮುಖ ಹೊತ್ತು ಅವನನ್ನು ಕರೆಯುವುದು? ನಿಜವನ್ನಾದರೂ ಹೇಳಿಬಿಡೋಣವೆಂದರೆ, ಬಟ್ಟಲನ್ನು ಮಗುವಿನಂತೆ ಅಪ್ಪಿ ನಿಂತಿದ್ದಳು ಮುದುಕಿ.

ಮೀನಿನ ಮೇಲಿನ ಎಣ್ಣೆ ಆರುತ್ತಿತ್ತು. ಆಕ್ವಾನ್ ಮದ್ಯದ ಹೂಜಿಯನ್ನು ಎತ್ತಿ ಹಿಡಿದು ಕಾದ.

“ಬಟ್ಟಲು ಇಡದಿದ್ರೂ ಸರಿ ಅತ್ತೆ,” ಎಂದಳು ಸುಫೆನ್. “ಆ ಮಾತು ನಾನು ಹೇಳಲ್ಲ.”